ಹನ್ನೊಂದು ಬಾಗಿಲ ಡಂಗುರ

ಮುರಿಗೆಪ್ಪನಿಗೆ ಒಂದು ಅಭ್ಯಾಸ. ಕಷ್ಟದ ಪ್ರಶ್ನೆ ಕೇಳುವ ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾನೆ, ಹಾಕಿಕೊಳ್ಳದೆಯೇ ಮಾತಾಡುತ್ತಾನೆ. ಎದುರಿನವರ ಮುಖ ಆಗ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಅವನು ಒಂದು ಸಿಮೆಂಟ್ ಕಂಪನಿಯ ನಿರ್ದೇಶಕ. ಆ ಭಾನುವಾರ ಗುರುಗಳ ಮುಂದೆ ಕೂತು ಹಾಗೆಯೇ ಕೇಳಿದ:

"ಗುರುಗಳೇ, ಹೊಗೆ ಕಡಿಮೆ ಮಾಡುತ್ತೇವೆಂದು ನಮ್ಮ ಕಂಪನಿ ಎಲ್ಲರೆದುರು ಮಾತು ಕೊಟ್ಟಿದೆ. ಹೊಗೆಗೆ ಮಿತಿ ಹಾಕುವ ಕಾನೂನು ಬೇಡವೆಂದು ಸರ್ಕಾರಕ್ಕೆ ಹೇಳಿದ್ದು ಸಿಮೆಂಟ್ ಕಂಪನಿಗಳ ಯಾವುದೋ ಸಂಘ. ಅದಕ್ಕೆ ನಾವು ಹೊಣೆಯೇ?"

ಗುರುಗಳು ಕತೆ ಹೇಳಿದರು.

ಒಂದು ಊರಲ್ಲಿ ಸುಣ್ಣದ ಭಟ್ಟಿಗಳಿದ್ದವು. ಅವಕ್ಕೆ ಸೌದೆ ಗುಡ್ಡದ ಕಾಡಿನಿಂದ ಬರುತ್ತಿತ್ತು. ಗುಡ್ಡ ಬೋಳಾಗುತ್ತ ಬಂದ ಹಾಗೆ ಹಳ್ಳ ಬತ್ತುತ್ತ ಬಂತು. ಹಳ್ಳದಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬ ಹೆಂಗಸಿಗೆ ಕೊನೆಗೆ ಉಳಿದದ್ದು ಒಂದೇ ಗುಂಡಿ ನೀರು. ಅದೂ ಇಂಗಿದರೆ ಅವಳು ಊರು ಬಿಡಬೇಕು.

ಮರ ಕಡಿಯುವುದಕ್ಕೆ ಮಿತಿ ಹಾಕಲು ಅರಸ ಮುಂದಾದ. ಭಟ್ಟಿಯ ದೊಡ್ಡ ವರ್ತಕ ಎಲ್ಲರಿಗಿಂತ ಮೊದಲು ಎದ್ದು ಅದನ್ನು ಹೊಗಳಿದ. ಬೀದಿಯಲ್ಲಿ ನೂರು ಸಸಿ ನೆಡಿಸಿದ. ಆದರೆ ಎರಡು ವರ್ಷ ಕಳೆದರೂ ಆಜ್ಞೆಗೆ ಮುದ್ರೆ ಬೀಳಲಿಲ್ಲ.

ಆ ಊರಲ್ಲೊಂದು ಪದ್ಧತಿಯಿತ್ತು. ಅರಸನಲ್ಲಿ ಯಾರು ಏನೇ ಕೇಳಿಕೊಂಡರೂ, ಡಂಗುರದವನು ಅವರ ಮನೆಯ ಮುಂದೆ ನಿಂತು ಅದನ್ನು ಸಾರಬೇಕು. ವರ್ತಕರು ಒಂದು ಸಂಘ ಕಟ್ಟಿದ್ದರು. ಮಿತಿ ಬೇಡವೆಂದು ವರ್ಷವರ್ಷವೂ ಕೇಳಿದ್ದು ಆ ಸಂಘ. ಸಂಘದ ಮನೆಯೆಂದರೆ ಊರಾಚೆಯ ಖಾಲಿ ಗೋದಾಮು. ಡಂಗುರದವನು ಎರಡು ವರ್ಷವೂ ಅಲ್ಲಿಗೇ ಹೋಗಿ ಕಾಗೆಗಳಿಗೆ ಸಾರಿ ಬಂದಿದ್ದ.

ಮೂರನೆಯ ವರ್ಷ ಆ ಹೆಂಗಸು ಅವನನ್ನು ದಾರಿಯಲ್ಲಿ ತಡೆದಳು.

"ಅಣ್ಣಾ, ಗೋದಾಮು ಮಾತಾಡಿದ್ದನ್ನು ಎಂದಾದರೂ ಕೇಳಿದ್ದೀಯಾ?"

"ಇಲ್ಲವ್ವ."

"ಹಾಗಾದರೆ ಬಾಯಿ ಇದ್ದವರ ಬಾಗಿಲಿಗೆ ಹೋಗು."

"ಯಾರವ್ವ ಅವರು? ನನಗೇನು ಗೊತ್ತು?"

"ಸಂಘದ ಊಟಕ್ಕೆ ಹೋಗಿ ಬಂದವರ ಪಂಚೆಯ ಸಾರಿನ ಕಲೆ ತೆಗೆಯುವವಳು ನಾನು. ಹನ್ನೊಂದು ಮನೆ. ಬಾ, ತೋರಿಸ್ತೀನಿ."

ಮೊದಲ ಬಾಗಿಲು ದೊಡ್ಡ ವರ್ತಕನದು. ಡಂಗುರದವನು ಬಾರಿಸಿ ಸಾರಿದ: "ಕೇಳ್ರಪ್ಪೋ! ಗುಡ್ಡದ ಮರಕ್ಕೆ ಮಿತಿ ಬೇಡವೆಂದು ಈ ಮನೆಯ ಯಜಮಾನರು ಅರಸರಲ್ಲಿ ಕೇಳಿಕೊಂಡಿದ್ದಾರೆ!"

ಬೀದಿಯೆಲ್ಲ ಹೊರಗೆ ಬಂತು. ಪಕ್ಕದ ಮನೆಯ ಮುದುಕಿ, "ಸಸಿ ನೆಟ್ಟದ್ದು ಮುಂದೆ ಕಡಿಯಲಿಕ್ಕೇನ್ರಿ ಸಾಹುಕಾರ್ರೆ?" ಎಂದಳು. ವರ್ತಕ ಬಾಗಿಲಿಗೆ ಓಡಿ ಬಂದ.

"ನಾನು ಕೇಳಿಲ್ಲ! ಕೇಳಿದ್ದು ಸಂಘ!"

ಎರಡನೆಯ ಮನೆಯವನೂ ಹಾಗೇ ಅಂದ, ಉಳಿದವರೂ ಹಾಗೇ ಅಂದರು. ಹನ್ನೊಂದೂ ಮನೆ ಮುಗಿಯುವ ಹೊತ್ತಿಗೆ ಡಂಗುರದ ಹಿಂದೆ ಅರ್ಧ ಊರೇ ನಡೆಯುತ್ತಿತ್ತು. ಎಲ್ಲರೂ ನೇರ ಅರಸನ ಬಳಿಗೆ ಬಂದರು.

"ಸ್ವಾಮಿ, ಈ ಮನವಿ ಯಾರದ್ದೂ ಅಲ್ಲವಂತೆ," ಎಂದ ಡಂಗುರದವನು.

"ಯಾರದ್ದೂ ಅಲ್ಲದ ಮನವಿಗೆ ನಾನೇಕೆ ಕಾಯಲಿ?" ಎಂದು ಅರಸ ಅಲ್ಲೇ ಮುದ್ರೆ ಒತ್ತಿದ.

ಕೊಡಲಿಗಳು ಗುಡ್ಡದಿಂದ ಇಳಿದವು. ಗುಡ್ಡ ಚಿಗುರಿತು. ನಾಲ್ಕನೆಯ ಮಳೆಗಾಲ ಕಳೆದು ಬೇಸಿಗೆ ಬಂದಾಗಲೂ ಆ ಹೆಂಗಸು ಮೊಣಕಾಲುದ್ದದ ನೀರಿನಲ್ಲಿ ನಿಂತು ಬಟ್ಟೆ ಒಗೆದಳು. ಡಂಗುರದವನು ಯಾರೂ ಹೇಳದಿದ್ದರೂ ಹಳ್ಳದ ದಂಡೆಗೆ ಹೋಗಿ ಒಂದು ಸುತ್ತು ಬಾರಿಸಿ ಬಂದ.

ಮುರಿಗೆಪ್ಪ ತೊಡೆ ತಟ್ಟಿ ನಕ್ಕ. "ಭಲೇ ಹೆಂಗಸು! ಒಬ್ಬರನ್ನೂ ಬಿಡಲಿಲ್ಲ ನೋಡಿ, ಗುರುಗಳೇ!"

ಗುರುಗಳೂ ನಕ್ಕು ಹೇಳಿದರು:

"ನಿಮ್ಮ ಆ ಸಂಘದಲ್ಲಿ ಯಾರ್‍ಯಾರಿದ್ದಾರೆ, ಹೆಸರು ಒಂದೊಂದಾಗಿ ಹೇಳು, ಮುರಿಗೆಪ್ಪ."