ಒಂಬತ್ತು ವರ್ಷ ಯಾರೂ ಸೋಲದ ಚರ್ಚೆ

"ನಮ್ಮ ವಿದ್ಯಾರ್ಥಿಗಳ ಚರ್ಚಾಕೂಟದಂಥದ್ದು ಭೂಮಂಡಲದಲ್ಲೇ ಇಲ್ಲ!" ಎಂದು ರಾಜ ಚೆಲುವರಂಗ ನಾಯಕ ಮೀಸೆ ತಿರುವಿದ. "ಒಂಬತ್ತು ವರ್ಷದಲ್ಲಿ ಒಬ್ಬನೂ ಸೋತಿಲ್ಲ. ಗೊತ್ತೇನೋ ಸೋವಣ್ಣ?"

ಆಸ್ಥಾನದ ವಿದೂಷಕ ಸೋವಣ್ಣ ಆಕಳಿಕೆ ನುಂಗಿಕೊಂಡ. "ಗೊತ್ತು ಪ್ರಭು. ಸೋಲುವುದಕ್ಕೆ ಎದುರಿಗೊಬ್ಬ ಬೇಕಲ್ಲ."

ಸುಳ್ಳೇನಲ್ಲ. ಮಾತಾಡುವವರು ಹನ್ನೊಂದು ಹುಡುಗರು. ಎಲ್ಲರೂ ಪ್ರಧಾನ ಪಂಡಿತ ಅಹೋಬಲಾಚಾರ್ಯರ ಮಕ್ಕಳು, ಇಲ್ಲವೇ ತಮ್ಮಂದಿರ ಮಕ್ಕಳು. ಪ್ರತಿವರ್ಷ ವಿಷಯವೂ ಒಂದೇ: 'ವಿದ್ಯೆ ಎಲ್ಲರ ಸೊತ್ತು'. ಮೊದಲನೆಯವನು ಹೌದು ಅನ್ನುತ್ತಿದ್ದ, ಎರಡನೆಯವನು ಹೌದೌದು ಅನ್ನುತ್ತಿದ್ದ. ಹನ್ನೊಂದನೆಯವನು ಏಳುವ ಹೊತ್ತಿಗೆ ರಾಜನಿಗೆ ಗೊರಕೆ. ಗೆದ್ದವರಿಗೆ, ಅಂದರೆ ಹನ್ನೊಂದು ಜನಕ್ಕೂ, ರಾಜಶಾಲೆಯಲ್ಲಿ ಊಟ, ಬಟ್ಟೆ, ಪಾಠ.

"ಬಾಗಿಲು ಎಲ್ಲರಿಗೂ ತೆರೆದೇ ಇದೆ," ಎಂದರು ಆಚಾರ್ಯರು. "ನಿಯಮ ಒಂದೇ. ಅಪ್ಪನಾದವನು ಈ ಸಭೆಯಲ್ಲಿ ಮಾತಾಡಿರಬೇಕು. ತಲೆಮಾರುಗಳ ಹಿಂದೆ ಈ ರಾಜಸಭೆ ಶುರುವಾದ ದಿನ ಮೊಟ್ಟಮೊದಲು ಬಾಯಿ ತೆರೆದವರೇ ನಮ್ಮ ಮುತ್ತಜ್ಜ!"

ಅಬ್ಬಬ್ಬಾ, ಎಂಥ ತೆರೆದ ಬಾಗಿಲು! ಸೋವಣ್ಣನಿಗೆ ಅಂಬಿಗರ ದುರುಗಿ ನೆನಪಾದಳು. ಈ ಹನ್ನೊಂದು ಹುಡುಗರನ್ನು ದಿನಾ ಹರಿಗೋಲಿನಲ್ಲಿ ಹೊಳೆ ದಾಟಿಸುವವಳು ಅವಳೇ. ಅವರು ಉರುಹೊಡೆಯುವುದನ್ನು ಕೇಳೀ ಕೇಳೀ ಅವಳಿಗೆ ಎಲ್ಲವೂ ಬಾಯಿಪಾಠ.

ಮೊನ್ನೆ ನಡುಹೊಳೆಯಲ್ಲಿ ಸೋವಣ್ಣನನ್ನೇ ಕೇಳಿದ್ದಳು: "ಎದುರು ಮಾತಾಡೋರೇ ಇಲ್ದೆ ಅದು ಚರ್ಚೆ ಹೆಂಗಾಯ್ತು ಸ್ವಾಮಿ?" ಆಮೇಲೆ ಅವಳೇ ಅಂದಳು: "ನಂಗೂ ಆ ಶಾಲೆಗೆ ಸೇರಬೇಕು. ದಿನಾ ಇವರನ್ನ ದಡಕ್ಕೆ ಬಿಟ್ಟು ವಾಪಸ್ಸು ಬರೋವಾಗ ಹೊಟ್ಟೆ ಉರೀತದೆ."

ಸೋವಣ್ಣ ಆಳು ಕಳಿಸಿ ಅವಳನ್ನು ಸಭೆಗೆ ಕರೆಸಿದ.

"ಅಂಬಿಗರ ಹುಡುಗಿಯೇ!" ಆಚಾರ್ಯರು ಹೌಹಾರಿದರು. "ಇವಳ ಅಪ್ಪ ಈ ಸಭೆಯಲ್ಲಿ ಮಾತಾಡಿದ್ದಾನೆಯೇ?"

"ಇಲ್ಲ. ಸಭೆಯವರನ್ನು ಹೊಳೆ ದಾಟಿಸಿದ್ದಾನೆ ಅಷ್ಟೇ," ಎಂದ ಸೋವಣ್ಣ. "ಇವಳು ಮಾತಾಡುವುದು ಬೇಡ ಬಿಡಿ. ಇವಳು ರಾಜಶಾಲೆ ಸೇರುವುದು ಯಾಕೆ ಕೂಡದು ಅಂತ ನೀವೇ ವಾದಿಸಿ, ಮುಗಿಸಿಬಿಡಿ."

"ಎರಡೇ ಮಾತಿನಲ್ಲಿ ಖಂಡಿಸುತ್ತೇನೆ!"

"ಸಂತೋಷ. ಆದರೆ ಪೂರ್ವಪಕ್ಷ ಮೊದಲಲ್ಲವೇ? ಎದುರಾಳಿಯ ವಾದವನ್ನು ಮೊದಲು ನಾವೇ ಹೇಳಬೇಕು, ಅವರು ಹೌದೆಂದು ತಲೆಯಾಡಿಸಬೇಕು, ಆಮೇಲೆ ಖಂಡನೆ. ಹುಡುಗರಿಗೆ ನೀವೇ ಬೆತ್ತ ಹಿಡಿದು ಕಲಿಸಿದ್ದು."

"ನಿಯಮ ಅಂದರೆ ನಿಯಮ," ಎಂದ ರಾಜ.

ಆಚಾರ್ಯರು ಶಲ್ಯ ಸರಿಪಡಿಸಿಕೊಂಡರು. "ಅದೇನು ಮಹಾ! ಹುಡುಗಿ ಹೇಳುವುದೇನೆಂದರೆ, ತಾನು ಬಡವಳು, ಕರುಣೆ ತೋರಿಸಿ ಅಂತ."

ದುರುಗಿ ಅಡ್ಡಡ್ಡ ತಲೆಯಾಡಿಸಿದಳು.

"ತಾನು ಪಂಡಿತರಿಗಿಂತ ಬುದ್ಧಿವಂತೆ ಅಂತ."

ಮತ್ತೆ ಅಡ್ಡಡ್ಡ.

"ಹಿರಿಯರ ಪದ್ಧತಿಯೆಲ್ಲ ಹೊಳೆಗೆ ಹಾಕಿ ಅಂತ!"

ಊಹೂಂ. ಹುಡುಗರು ಕಿಸಕ್ಕೆಂದರು. ರಾಜ ನೆಟ್ಟಗೆ ಕೂತ. ಆಚಾರ್ಯರು ರೇಗಿಬಿಟ್ಟರು.

"ಹಾಗಾದರೆ ನೀನು ಹೇಳುವುದಾದರೂ ಏನು? ಬಾಯಿ ಬಿಟ್ಟು ಹೇಳಬಾರದೇನೇ!"

ಸೋವಣ್ಣ ಚಪ್ಪಾಳೆ ತಟ್ಟಿದ. "ಪ್ರಧಾನ ಪಂಡಿತರದ್ದೇ ಅಪ್ಪಣೆಯಾಯಿತು. ಮಾತಾಡವ್ವ ದುರುಗಿ."

ದುರುಗಿ ಒಂದು ಹೆಜ್ಜೆ ಮುಂದೆ ಬಂದಳು. ಇವತ್ತು ಬಿಟ್ಟರೆ ಇನ್ನು ಜನ್ಮಕ್ಕೂ ಇಲ್ಲ ಅಂದುಕೊಂಡಳು.

"ಏನಿಲ್ಲ ಸ್ವಾಮಿ, ನಂದು ಒಂದೇ ಮಾತು. ಇಲ್ಲಿ ಮೊದಲು ಮಾತಾಡಿದೋರು ನಿಮ್ಮ ಮುತ್ತಜ್ಜ ಅಂದ್ರಿ. ಅವರಪ್ಪ ಎಲ್ಲಿ ಮಾತಾಡಿದ್ರು?"

ಹುಡುಗರು ಬೆರಳು ಮಡಚಿ ತಲೆಮಾರು ಎಣಿಸತೊಡಗಿದರು.

"ಪೂರ್ವಪಕ್ಷ ಹೇಳಿ ಸ್ವಾಮಿ," ಎಂದ ಸೋವಣ್ಣ, ಬೆಣ್ಣೆಯಂಥ ದನಿಯಲ್ಲಿ.

"ಹುಡುಗಿ ಹೇಳುವುದೇನೆಂದರೆ... ನಮ್ಮ ಮುತ್ತಜ್ಜನ ಅಪ್ಪ... ಈ ಸಭೆಯಲ್ಲಿ... ಮಾತಾಡಿರಲಿಲ್ಲ."

ದುರುಗಿ ಹೌದೆಂದು ತಲೆಯಾಡಿಸಿದಳು.

"ಇನ್ನು ಖಂಡನೆ!" ಎಂದ ಸೋವಣ್ಣ.

ಏನಂತ ಖಂಡಿಸುತ್ತಾರೆ ಪಾಪ? ನಿಯಮ ಸರಿ ಅಂದರೆ ಮುತ್ತಜ್ಜ ಆಚೆಗೆ, ಅವರ ಬೆನ್ನಿಗೇ ಹನ್ನೊಂದು ಹುಡುಗರೂ ಆಚೆಗೆ. ತಪ್ಪು ಅಂದರೆ ದುರುಗಿ ಒಳಗೆ. ಆಚಾರ್ಯರು ಕೂತೇಬಿಟ್ಟರು.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆಯಿಂದ ದುರುಗಿ ರಾಜಶಾಲೆಗೆ! ಆ ಅಪ್ಪನ ನಿಯಮ ಇವತ್ತಿಗೇ ರದ್ದು!"

ದುರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚಾರ್ಯರು ಗೊಣಗಿದರು: "ಒಂಬತ್ತು ವರ್ಷದ ಕೀರ್ತಿ ಮಣ್ಣುಪಾಲಾಯಿತು."

"ಬಿಡ್ತು ಅನ್ನಿ ಸ್ವಾಮಿ!" ಎಂದ ಸೋವಣ್ಣ. "ಒಂಬತ್ತು ವರ್ಷಕ್ಕೆ ಕೊನೆಗೂ ಒಬ್ಬರು ಸೋತರು. ಇನ್ನು ಇದನ್ನು ಧೈರ್ಯವಾಗಿ ಚರ್ಚೆ ಅಂತ ಕರೆಯಬಹುದು."