ಕಳ್ಳರನ್ನು ಹಿಡಿಯದ ತಳವಾರ

"ಈ ಸಂಸ್ಥಾನದಲ್ಲಿ ಯಾರು ದುಡಿಯುತ್ತಾರೆ, ಯಾರು ತೂಕಡಿಸುತ್ತಾರೆ ಅನ್ನೋದನ್ನು ನಾನು ಕೂತಲ್ಲಿಂದಲೇ ಹೇಳಬಲ್ಲೆ!" ಎಂದು ಬೆಳ್ಳಗುಡ್ಡದ ಹೊಸ ಪ್ರಧಾನಿ ವರದಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ಅದು ಹೇಗಯ್ಯ?" ಎಂದ ದೊರೆ ಮಲ್ಲರಸ.

"ಬಲು ಸುಲಭ ಪ್ರಭು. ಕಾವಲು ಇಲಾಖೆಯಿಂದಲೇ ಶುರುಮಾಡಿದ್ದೇನೆ. ಹೆಚ್ಚು ಕಳ್ಳರನ್ನು ಹಿಡಿದ ತಳವಾರನಿಗೆ ರೇಷ್ಮೆ ರುಮಾಲು. ಒಬ್ಬನನ್ನೂ ಹಿಡಿಯದವನು ಮನೆಗೆ!"

ದೊರೆ ತಲೆದೂಗಿದ. ದೊರೆ ತೂಗಿದ್ದಕ್ಕೆ ಸಭೆಯೂ ತೂಗಿತು. ದೊರೆಯ ಆಪ್ತ ಸಿಂಗಣ್ಣ ಮಾತ್ರ ಗಲ್ಲ ಕೆರೆದುಕೊಳ್ಳುತ್ತ ಕೂತಿದ್ದ.

ಕೆಲವು ದಿನ ಕಳೆದಿರಬೇಕು. ನೇಕಾರರ ಕೇರಿಯ ತಳವಾರ ಕೆಂಚ ಬೆಳಗಾಗುತ್ತಲೇ ಸಿಂಗಣ್ಣನ ಮನೆ ಮುಂದೆ ನಿಂತಿದ್ದ.

"ಸಿಂಗಣ್ಣೋರೇ, ನನ್ನ ಕೆಲಸ ಹೋಯ್ತು. ಕಾವಲುಕೋಲು ತಂದು ಒಪ್ಪಿಸು ಅಂದವ್ರೆ."

"ಯಾಕೋ?"

"ನಮ್ಮ ಕೇರೀಲಿ ಕಳ್ಳತನಾನೇ ಆಗಿಲ್ಲ, ಯಾರನ್ನ ಹಿಡೀಲಿ? ರಾತ್ರಿಯೆಲ್ಲ ಕೋಲು ಕುಟ್ಟಿಕೊಂಡು ತಿರುಗ್ತೀನಿ. ಹೊಸಬರು ಕಂಡ್ರೆ ಯಾರ ಮನೆ ನೆಂಟರು ಅಂತ ಕೇಳಿ ಬಾಗಿಲತನಕ ಬಿಟ್ಟು ಬರ್ತೀನಿ. ಕಳ್ಳ ಅನ್ನೋನು ನಮ್ಮ ಕಡೆ ತಲೆ ಹಾಕಿ ಮಲಗೋದಿಲ್ಲ."

"ಮತ್ತೆ ರುಮಾಲು ಯಾರಿಗೆ ಬಂತು?"

"ಪೇಟೆಬೀದಿ ಮಾರನಿಗೆ. ಕೀಲಿಕೈ ಮರೆತ ಶೆಟ್ಟರು ಹಿತ್ತಲ ಗೋಡೆ ಹಾರಿ ಒಳಗೆ ಹೋದ್ರೆ, ಅವರನ್ನೇ ಹಿಡಿದು ಬೆಳಗಿನತನಕ ಕೂಡಿ ಹಾಕವ್ನೆ. 'ಅಯ್ಯೋ, ಇವರು ನನ್ನ ಗಂಡ' ಅಂತ ಹೆಂಡ್ತಿ ಬಡ್ಕೊಂಡ್ರೂ ಬಿಡ್ಲಿಲ್ಲ!"

ಸಿಂಗಣ್ಣನಿಗೆ ನಗು ಉಕ್ಕಿತು. ಆದರೆ ಕೆಂಚನ ಕಣ್ಣು ತುಂಬಿದ್ದು ಕಂಡು ನಗು ಅಲ್ಲೇ ನಿಂತುಹೋಯಿತು.

"ಕೋಲು ಇನ್ನೂ ಒಪ್ಪಿಸಬೇಡ. ಸ್ವಲ್ಪ ತಡಿ" ಎಂದ.

ಅವತ್ತು ಸಭೆಯಲ್ಲಿ ಸಿಂಗಣ್ಣ ಪ್ರಧಾನಿಯನ್ನು ಹೊಗಳಿದ್ದೇ ಹೊಗಳಿದ್ದು. "ಪ್ರಭು, ಇಷ್ಟು ಒಳ್ಳೆಯ ಅಳತೆ ಬರೀ ತಳವಾರರಿಗೇ ಯಾಕೆ? ಆಸ್ಥಾನದ ವೈದ್ಯ ಪದ್ಮರಸ ಪಂಡಿತರಿಗೂ ಇರಲಿ. ಅವರು ನಿಮಗೆ ವಾಸಿಮಾಡಿದ ಕಾಯಿಲೆ ಎಣಿಸೋಣ."

ವರದಯ್ಯ ಉಬ್ಬಿಹೋದ. ದೊರೆ ಒಪ್ಪಿದ. ಪಂಡಿತರ ಮುಖ ಮಾತ್ರ ಬಿಳಿಚಿತು. ದೊರೆಗೆ ನೆಗಡಿಯಾಗಿಯೇ ಯಾವ ಕಾಲವಾಗಿತ್ತೋ! ಸಿಂಗಣ್ಣ ಅವರನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಉಸುರಿದ.

ಆಗ ಹಲಸಿನ ಕಾಲ. ಹಲಸೆಂದರೆ ದೊರೆ ಪ್ರಾಣ ಬಿಡುತ್ತಿದ್ದ. ನಾಲ್ಕು ತೊಳೆ ತಿನ್ನುವಷ್ಟರಲ್ಲಿ "ಸಾಕು ಪ್ರಭು" ಎಂದು ತಟ್ಟೆ ಎಳೆದುಕೊಳ್ಳುವುದು ಪಂಡಿತರ ವಾಡಿಕೆ. ಅವತ್ತು ಅವರೇ ತಟ್ಟೆ ಮುಂದೆ ತಳ್ಳಿದರು.

"ಇನ್ನೂ ತಗೊಳ್ಳಿ ಪ್ರಭು. ಜೇನಿನಲ್ಲಿ ಅದ್ದಿ ತಿನ್ನಿ."

"ಆಹಾ ಪಂಡಿತರೇ, ದೇವರು ನಿಮಗೆ ಈಗ ಬುದ್ಧಿ ಕೊಟ್ಟ!"

ಸಂಜೆಗೆ ದೊರೆಯ ಹೊಟ್ಟೆ ನಗಾರಿಯಾಯಿತು. ಉರುಳಾಡಿದ, ಗೋಳಾಡಿದ. ಪಂಡಿತರು ನೆಲಬೇವಿನ ಕಷಾಯ ಹಿಡಿದು ನಗುನಗುತ್ತ ಬಂದರು. ಕುಡಿದ ದೊರೆಯ ಮುಖ ಹಿಂಡಿದ ಹುಣಸೆಹಣ್ಣಿನಂತಾಯಿತು. ಮಾರನೇ ದಿನ ಕೊಂಚ ಚೇತರಿಸಿಕೊಂಡು ಸಭೆಗೆ ಬಂದರೆ, ಪಂಡಿತರು ಇನ್ನೊಂದು ತಟ್ಟೆ ತೊಳೆ ಹಿಡಿದು ನಿಂತಿದ್ದಾರೆ!

"ಏನ್ರೀ ಇದು! ತಟ್ಟೆ ಕಿತ್ತುಕೊಳ್ಳುತ್ತಿದ್ದವರು ಈಗ ನನ್ನನ್ನು ಕೊಲ್ಲಬೇಕೂಂತ ಇದ್ದೀರಾ?" ದೊರೆ ಗುಡುಗಿದ.

ಪಂಡಿತರು ಸಿಂಗಣ್ಣನತ್ತ ನೋಡಿದರು. ಸಿಂಗಣ್ಣ ಎದ್ದು ನಿಂತ.

"ಅವರ ತಪ್ಪಲ್ಲ ಪ್ರಭು, ಹೇಳಿಕೊಟ್ಟವನು ನಾನು. ತಟ್ಟೆ ಎಳೆದುಕೊಂಡರೆ ಪ್ರಧಾನಿಗಳ ಲೆಕ್ಕಕ್ಕೆ ಬರೋದಿಲ್ಲ, ಹೊಟ್ಟೆನೋವು ವಾಸಿಮಾಡಿದರೆ ಬರುತ್ತದೆ. ನೀವು ಗುಂಡುಕಲ್ಲಿನ ಹಾಗಿದ್ದರೆ ಪಂಡಿತರು ಸೋಮಾರಿ. ನೀವು ನರಳಿದರೆ ಮಹಾ ದುಡಿಮೆಗಾರರು! ನೇಕಾರರ ಕೇರಿಗೆ ಕಳ್ಳ ಬಾರದ ಹಾಗೆ ನೋಡಿಕೊಂಡ ಕೆಂಚ ಕೆಲಸ ಕಳೆದುಕೊಳ್ಳುತ್ತಿರೋದೂ ಇದೇ ಅಳತೆಯಿಂದ."

ವರದಯ್ಯ ಬೆವರು ಒರೆಸಿಕೊಂಡ. "ಆಗದೇ ಹೋದದ್ದನ್ನು ಅಳೆಯೋದಾದರೂ ಹೇಗೆ ಸ್ವಾಮಿ?"

"ಕೂತಲ್ಲಿಂದ ಆಗೋದಿಲ್ಲ ಪ್ರಧಾನಿಗಳೇ. ಎದ್ದು ಕೆಂಚನ ಕೇರಿ, ಮಾರನ ಪೇಟೆಬೀದಿ ಎರಡರಲ್ಲೂ ನಡೆದು ಬನ್ನಿ."

ದೊರೆಯೇ ಪ್ರಧಾನಿಯನ್ನು ಕರೆದುಕೊಂಡು ಹೊರಟ. ನೇಕಾರರ ಕೇರಿಯಲ್ಲಿ ಬಣ್ಣದ ನೂಲು ಬೀದಿಯಲ್ಲೇ ಒಣಗುತ್ತಿತ್ತು. ಬಾಗಿಲುಗಳು ಹಾರುಹೊಡೆದಿದ್ದವು, ಜನ ಜಗುಲಿಯ ಮೇಲೆ ಉಂಡ ನಿದ್ದೆಯಲ್ಲಿದ್ದರು. ಪೇಟೆಬೀದಿಯಲ್ಲೋ ನಡುಹಗಲಲ್ಲೂ ಎಲ್ಲ ಬಾಗಿಲಿಗೆ ಅಗುಳಿ. ದೊರೆ ಶೆಟ್ಟರ ಬಾಗಿಲು ತಟ್ಟಿದ.

ಒಳಗಿನಿಂದ ನಡುಗುವ ದನಿ ಬಂತು: "ನಾನು ಈ ಮನೆಯವನೇ! ದೇವರಾಣೆಗೂ ಈ ಮನೆಯವನೇ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ವರದಯ್ಯನೂ ಪೆಚ್ಚುಪೆಚ್ಚಾಗಿ ನಕ್ಕ. ರೇಷ್ಮೆ ರುಮಾಲು ಕೆಂಚನ ತಲೆಯೇರಿತು.

ಅರಮನೆಗೆ ಮರಳಿದ ದೊರೆ ಸಿಂಗಣ್ಣನ ಹೆಗಲಿಗೆ ಶಾಲು ಹೊದಿಸಿ ಕೆಣಕಿದ: "ಎಲ್ಲರ ಕೆಲಸ ಅಳೆದದ್ದಾಯಿತು. ನಿನ್ನದನ್ನು ಹೇಗಯ್ಯ ಅಳೆಯಲಿ? ನನ್ನನ್ನು ಎಷ್ಟು ಸಲ ನಗಿಸಿದೆ ಅಂತಲೇ?"

"ನಿಮ್ಮನ್ನು ಯಾರಾದರೂ ನಗಿಸುತ್ತಾರೆ ಪ್ರಭು" ಎಂದು ಸಿಂಗಣ್ಣ ಕೈಮುಗಿದ. "ನಿಮ್ಮನ್ನು ನೋಡಿ ಊರು ನಗದ ಹಾಗೆ ಕಾಯೋದು ನನ್ನ ಕೆಲಸ."