ಕೂರದವನ ಗುಡ್ಡ

ತೊರೆಕಲ್ಲು ಗ್ರಾಮದಿಂದ ಪಡುವಣಕ್ಕೆ ನಡೆದರೆ ಹುಲ್ಲೂ ಸರಿಯಾಗಿ ಬೆಳೆಯದ ಒಂದು ಕಲ್ಲುಗುಡ್ಡ ಎದುರಾಗುತ್ತದೆ. ಅದರ ಅರ್ಧ ಎತ್ತರದಲ್ಲಿ, ಎರಡು ಹೆಬ್ಬಂಡೆಗಳ ಸಂದಿನಲ್ಲಿ, ಬೇಸಿಗೆಯಲ್ಲೂ ಬತ್ತದ ನೀರಿದೆ. ನಮ್ಮ ಕಡೆ ಇಂಥ ನೀರಿನ ತಾಣವನ್ನು ದೊಣೆ ಎನ್ನುತ್ತಾರೆ. ದೊಣೆಯ ಸುತ್ತ ಬಂಡೆಯಲ್ಲಿ ಸಾಲಾಗಿ ಕೊರೆದ ಗುಂಡಿಗಳಿವೆ. ಹೊಸಬರು ಅವನ್ನು ಭತ್ತ ಕುಟ್ಟುವ ಒರಳೆಂದೋ ಋಷಿಗಳು ಹೋಮ ಮಾಡಿದ ಕುಣಿಗಳೆಂದೋ ಭಾವಿಸಿ ಕೈಮುಗಿಯುವುದುಂಟು. ಅವು ಒರಳೂ ಅಲ್ಲ, ಹೋಮಕುಂಡವೂ ಅಲ್ಲ. ಬೇಲಿಯ ಕಂಬ ನೆಟ್ಟ ಗುಂಡಿಗಳು. ಮನುಷ್ಯರನ್ನು ನೀರಿನಿಂದ ದೂರವಿಡಲು ಕಲ್ಲು ಕೊರೆದ ಕೆಲಸ ಅದು. ಅದಕ್ಕೆ ಕೈಮುಗಿಯುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಹಿಂದೆ ಒಮ್ಮೆ, ಸಂಸ್ಥಾನದಲ್ಲಿ ಪ್ರಜಾಸಭೆ ಎಂಬುದು ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲದಲ್ಲಿ, ಇದಕ್ಕೆ ಹದ್ದಿನ ಗುಡ್ಡ ಎಂಬ ಹೆಸರಿತ್ತು. ಸಭೆಗೆ ಆಗ ಈಗಿನಂತೆ ಎಲ್ಲರೂ ಮತ ಹಾಕುತ್ತಿರಲಿಲ್ಲ. ದೊಡ್ಡ ಕಂದಾಯ ಕಟ್ಟುವವರು ತಮ್ಮತಮ್ಮಲ್ಲೇ ಒಬ್ಬನನ್ನು ಆರಿಸಿ ಕಳಿಸುತ್ತಿದ್ದರು. ನಮ್ಮ ಸೀಮೆಯಿಂದ ಹೋದವನು ತೊರೆಕಲ್ಲಿನ ಗೌಡ ಪಾಲಯ್ಯ. ಆಳೆತ್ತರದ ಮನುಷ್ಯ, ಮಿತಭಾಷಿ, ಅಮಲ್ದಾರರು ಹೇಳಿದ್ದಕ್ಕೆ ಎದುರಾಡದವನು. ಆ ಗುಣಕ್ಕಾಗಿಯೇ ಅವನನ್ನು ಆರಿಸಿದರು ಎನ್ನುತ್ತಾರೆ. ಮೊದಲ ಸಲ ರಾಜಧಾನಿಗೆ ಹೋದವನು ಸಭೆಯಲ್ಲಿ ತುಟಿ ಬಿಚ್ಚದೆ ಕುಳಿತು, ತಾಂಬೂಲ ಪಡೆದು, ಜರಿಪೇಟ ಸುತ್ತಿಕೊಂಡು ಬಂದ. ಊರು ಓಲಗ ಊದಿಸಿ ಎದುರುಗೊಂಡಿತು. ಆ ಸಭೆಯಲ್ಲಿಯೇ ಹದ್ದಿನ ಗುಡ್ಡವನ್ನು ಬೇಟೆಗೆಂದು ಕಾಯ್ದಿಟ್ಟ ಜಾಗವಾಗಿ ಮಾಡಿ, ಸಂಸ್ಥಾನದ ಅತಿಥಿಗಳಾದ ದೊರೆಗಳಿಗೆ ಅಲ್ಲೊಂದು ಬಂಗಲೆ ಕಟ್ಟುವ ಆಜ್ಞೆಯನ್ನು ಓದಿದ್ದರು. ಪಾಲಯ್ಯನೂ ಎಲ್ಲರ ಜೊತೆ ತಲೆಯಾಡಿಸಿದ್ದ.

ಬಂಗಲೆ ಎದ್ದಿತು, ದೊಣೆಗೆ ಬೇಲಿ ಬಿತ್ತು, ಬಂದೂಕಿನ ಕಾವಲುಗಾರ ಬಂದ. ಊರಿನ ನಡುವೆ ಸಿಹಿನೀರಿನ ಬಾವಿಯಿತ್ತು, ಗೌಡರ ಮನೆಗಳಿಗೆ ತೊಂದರೆಯಾಗಲಿಲ್ಲ. ಆದರೆ ಕೇರಿಯವರಿಗೆ ಆ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ, ಅವರಿಗಿದ್ದದ್ದು ದೊಣೆಯೊಂದೇ. ಒಂದು ಬೇಸಿಗೆಯ ಮಧ್ಯಾಹ್ನ ಕೇರಿಯ ಹನುಮಕ್ಕ ಎಂಬ ಬಸುರಿ ಹೆಂಗಸು ಕೊಡ ಹಿಡಿದು ಬೇಲಿ ನುಸುಳಿದಳು. ಕಾವಲಿನವನು ಬಂದೂಕಿನ ಹಿಡಿಯಿಂದ ಹೊಡೆದ. ಕೊಡ ಉರುಳಿತು, ಅವಳೂ ಉರುಳಿದಳು. ಅವಳನ್ನು ಹೊತ್ತು ತಂದವರು ಕೇರಿ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಕಾಲು ಜಾರಿ ಸತ್ತಳೆಂದು ಅಮಲ್ದಾರರು ವರದಿ ಬರೆದರು.

ಪಾಲಯ್ಯ ಕೇರಿಯ ಬಾಯಿಗೆ ಹೋಗಿ ನಿಂತ. ಸಮಾಧಾನ ಹೇಳಲು ಹೋಗಿದ್ದ. ಹನುಮಕ್ಕನ ಅತ್ತೆ ಕರಿಯಕ್ಕ ಎಂಬ ಮುದುಕಿ ಹೊರಗೆ ಬಂದಳು. ಅತ್ತ ಕಣ್ಣಲ್ಲ ಅವಳದು, ಒಣಗಿದ ಕಣ್ಣು.

"ಗೌಡ್ರೇ, ಆ ದೊಡ್ಡ ಸಭೇಲಿ ಬೇಲಿ ಮಾತು ಬಂದಾಗ ನೀವು ಏನಂದ್ರಿ?"

"ಏನೂ ಅನ್ನಲಿಲ್ಲವ್ವ."

"ಮತ್ತೆ ಯಾಕೆ ಹೋಗಿದ್ರಿ?"

ಪಾಲಯ್ಯ ಬಂದ ದಾರಿಯಲ್ಲೇ ಹಿಂದಿರುಗಿದ. ಮನೆಗೆ ಬಂದು ಜರಿಪೇಟವನ್ನು ಒಲೆಗೆ ಹಾಕಿದ. ಆ ವರ್ಷದ ಸಭೆಯವರೆಗೆ ಅವನು ಅಮಲ್ದಾರರ ಕಚೇರಿಗೆ ಅಲೆದ, ಜಿಲ್ಲೆಯ ಸಾಹೇಬರ ಬಾಗಿಲು ಕಾದ. ಒಬ್ಬರು ನಕ್ಕರು, ಇನ್ನೊಬ್ಬರು ಗದರಿದರು. ಸಾಧುಸ್ವಭಾವದ ಮನುಷ್ಯನಿಗೆ ಸಿಟ್ಟು ಬರುವುದು ತಡ, ಬಂದರೆ ಅದು ಆರುವುದೂ ತಡ ಎಂದು ಹಿರಿಯರು ಹೇಳುವುದು ಇವನನ್ನು ನೋಡಿಯೇ ಇರಬೇಕು.

ಸಭೆ ಸೇರಿತು. ಸುಗ್ಗಿಯ ವಿಚಾರ, ರಸ್ತೆಯ ವಿಚಾರ ಮುಗಿಯುವ ಮುನ್ನವೇ ಪಾಲಯ್ಯ ಎದ್ದು ನಿಂತು ಹನುಮಕ್ಕನ ಹೆಸರು ಹೇಳಿದ. ಆ ಭವನದಲ್ಲಿ ಅಂಥ ಹೆಸರು ಅದಕ್ಕೆ ಮೊದಲು ಕೇಳಿಬಂದಿರಲಿಲ್ಲ. ಅಧ್ಯಕ್ಷಪೀಠದಲ್ಲಿದ್ದ ದಿವಾನರು ಸೌಜನ್ಯದಿಂದಲೇ, ಇದು ಇಂದಿನ ಕಲಾಪದಲ್ಲಿ ಇಲ್ಲ, ಕೂತುಕೊಳ್ಳಿ ಎಂದರು.

"ನೀರಿಗೆ ಹೋದ ಬಸುರಿಯನ್ನು ಹೊಡೆದು ಕೊಂದಿದ್ದಾರೆ. ಅದು ಯಾವ ದಿನದ ಕಲಾಪದಲ್ಲಿದೆ ಹೇಳಿ ಸ್ವಾಮಿ. ಅಲ್ಲಿಯವರೆಗೆ ನಾನು ಕೂರುವುದಿಲ್ಲ."

ಅಕ್ಕಪಕ್ಕದ ಸದಸ್ಯರು ಅಂಗಿ ಹಿಡಿದು ಜಗ್ಗಿದರು. ಪಾಲಯ್ಯ ಕೂರಲಿಲ್ಲ. ಸಭೆ ಅವನನ್ನು ಬಿಟ್ಟು ಬೇರೆ ವಿಚಾರಗಳನ್ನು ನಡೆಸಿತು. ಅವನು ನಡುವೆ ಕಂಬದಂತೆ ನಿಂತೇ ಇದ್ದ. ಕೊನೆಗೆ ಪಹರೆಯವರು ಬಂದು ತೋಳು ಹಿಡಿದು ಹೊರಗೆ ಹಾಕಿದರು. ಅವನು ನೇರ ಊರಿಗೆ ಬಂದು, ಮನೆಗೂ ಹೋಗದೆ, ಗುಡ್ಡ ಹತ್ತಿ ಬೇಲಿಯ ಎದುರು ನಿಂತ. ಬಿಸಿಲಿಗೂ ನಿಂತ, ಗಾಳಿಗೂ ನಿಂತ. ದಣಿದಾಗ ಬಂಡೆಗೆ ಒರಗಿಕೊಂಡು ಕಣ್ಣು ಮುಚ್ಚುತ್ತಿದ್ದನೇ ಹೊರತು ಮಂಡಿ ಮಡಿಸಲಿಲ್ಲ ಎನ್ನುತ್ತಾರೆ. ಕಚೇರಿಯ ಜವಾನರು ಅವನನ್ನು 'ಕೂರದವನು' ಎಂದು ಹಂಗಿಸಿ ನಕ್ಕರು. ಆದರೆ ಸುತ್ತಲ ಹಳ್ಳಿಯವರು ಬರತೊಡಗಿದರು, ಬಂದವರು ಹಿಂದಿರುಗಲಿಲ್ಲ. ಜನ ಗುಡ್ಡ ತುಂಬಿದ್ದನ್ನು ಕಂಡು ಕಾವಲಿನವನು ಓಡಿಹೋದ. ಕುರುಬರು, ಒಕ್ಕಲಿಗರು, ಕಮ್ಮಾರರು ಎಲ್ಲರೂ ಕೈಹಾಕಿ ಕಂಬಗಳನ್ನು ಕಿತ್ತು ಕೆಳಕ್ಕೆ ಉರುಳಿಸಿದರು. ಬಂದೂಕು ಹಿಡಿದು ಇನ್ನೊಮ್ಮೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮೂರು ತಲೆಯೆತ್ತಿ ಹೇಳಿಕೊಳ್ಳಬಹುದಿತ್ತು. ಊರ ಹಿರಿಯರು ಕಂಬಳಿ ಹಾಸಿ, ಇನ್ನು ಕೂತುಕೊಳ್ಳಪ್ಪ, ಗೆದ್ದೆವಲ್ಲ ಎಂದರು. ಪಾಲಯ್ಯ ಸುತ್ತ ನೋಡಿದ. ಬೇಲಿ ಕಿತ್ತವರು ನಾವು, ಇನ್ನು ದೊಣೆಯೂ ನಮ್ಮದೇ ಎಂದು ಊರಿನವರು ನೀರು ಮೊಗೆಯುತ್ತಿದ್ದರು. ಕೇರಿಯವರನ್ನು ದೂರದಲ್ಲಿ ನಿಲ್ಲಿಸಿ, ಅವರ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದರು. ಸುರಿಯುತ್ತಿದ್ದವನು ಪಾಲಯ್ಯನ ಸ್ವಂತ ತಮ್ಮ. ಮುಟ್ಟಿದರೆ ಮೈಲಿಗೆ ಎಂದು ಅವನು ಹೇಳಿದನಂತೆ.

"ಇಷ್ಟು ದಿನ ಬೇಲಿ ಸರ್ಕಾರದ್ದು ಅಂದುಕೊಂಡಿದ್ದೆ," ಎಂದ ಪಾಲಯ್ಯ. ಕಂಬಳಿಯನ್ನು ಕಾಲಿನಿಂದ ತಳ್ಳಿದ.

ಮತ್ತೆ ನಿಂತ. ಈ ಸಲ ಅವನ ಜೊತೆ ಯಾರೂ ನಿಲ್ಲಲಿಲ್ಲ. ಬೇಲಿ ಕಿತ್ತ ಕೈಗಳೇ ಅವನ ಮೇಲೆ ಸಗಣಿ ಎಸೆದವು. ತಮ್ಮ ಬಂದು ಕುಲಗೆಟ್ಟವನೆಂದು ಬೈದು ಹೋದ. ಪಾಲಯ್ಯನ ಕಾಲುಗಳು ಊದಿಕೊಂಡವು, ಚರ್ಮ ಬಿರಿಯಿತು. ಕೊನೆಗೆ ಅವನ ಹೆಂಡತಿ ಸಿದ್ದಮ್ಮ, ಹೊಸಿಲು ದಾಟಿ ಮಾತನಾಡದ ಗೌಡತಿ, ತಲೆಯ ಮೇಲೆ ಸೆರಗೆಳೆದುಕೊಂಡು ಕೇರಿಗೆ ನಡೆದಳು. ಕರಿಯಕ್ಕನ ಕೈ ಹಿಡಿದು ಹಗಲು ಬೆಳಕಿನಲ್ಲಿ, ಇಡೀ ಊರಿನ ಎದುರು, ಗುಡ್ಡ ಹತ್ತಿಸಿದಳು. ಮುದುಕಿ ತನ್ನ ಕೊಡವನ್ನು ತಾನೇ ದೊಣೆಯಲ್ಲಿ ಮುಳುಗಿಸಿದಳು. ಸಿದ್ದಮ್ಮ ಬೊಗಸೆಯೊಡ್ಡಿ ಆ ಕೊಡದ ನೀರು ಕುಡಿದಳು. ಗಂಡಸರು ಗುಡುಗಿದರು, ಆದರೆ ಗೌಡತಿಯ ಮೈಮೇಲೆ ಕೈಯೆತ್ತುವ ಗಂಡಸು ಅಲ್ಲಿರಲಿಲ್ಲ. ಅಂದಿನಿಂದ ದೊಣೆ ಎಲ್ಲರದಾಯಿತು.

ಆಗಲಾದರೂ ಪಾಲಯ್ಯ ಕೂತನೇ ಎಂದು ಕೇಳುತ್ತಾರೆ. ಕೂರಲು ಹೋದರೆ ಮಂಡಿ ಮಡಿಸಲಾಗಲಿಲ್ಲ. ಮರದ ದಿಮ್ಮಿಯಂತೆ ಅವನನ್ನು ಮಲಗಿಸಿ ಹೊತ್ತು ಇಳಿಸಿದರು. ಅವನು ಮತ್ತೆ ಸರಿಯಾಗಿ ನಡೆಯಲೇ ಇಲ್ಲ. ಮುಂದಿನ ಆಯ್ಕೆಯಲ್ಲಿ ಸೀಮೆಯ ದೊಡ್ಡವರೆಲ್ಲ ಸೇರಿ ಅವನನ್ನು ಕೈಬಿಟ್ಟು ಅವನ ತಮ್ಮನನ್ನೇ ಸಭೆಗೆ ಕಳಿಸಿದರು. ಆ ತಮ್ಮ ಬಾಳಿನುದ್ದಕ್ಕೂ ಸಭೆಯಲ್ಲಿ ಸುಖವಾಗಿ ಕೂತ, ಪದವಿ ಪಡೆದ, ಪೇಟೆಯ ಒಂದು ಬೀದಿಗೆ ಅವನ ಹೆಸರೂ ಬಿತ್ತು. ಪಾಲಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರು ಕೇರಿಯವರು. ಕಚೇರಿಯವರು ಹಂಗಿಸಿದ ಮಾತನ್ನೇ ಎತ್ತಿಕೊಂಡು ಅವರು ಗುಡ್ಡವನ್ನು ಕೂರದವನ ಗುಡ್ಡ ಎಂದು ಕರೆದರು. ಊರಿನವರು ಬಹುಕಾಲ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಈಗ ಆಡುತ್ತಾರೆ, ನಾಚಿಕೆಯಿಲ್ಲದೆ ತಮ್ಮ ಹೆಮ್ಮೆಯೆಂಬಂತೆ ಆಡುತ್ತಾರೆ.

ಇತ್ತೀಚೆಗೆ ನಮ್ಮ ಭಾಗದ ಶಾಸಕರೊಬ್ಬರು ದೊಣೆಯ ಬಳಿ ಸಿಮೆಂಟಿನ ಬೆಂಚುಗಳನ್ನು ಹಾಕಿಸಿ, ಒರಗುವ ಜಾಗದಲ್ಲಿ ತಮ್ಮ ಹೆಸರನ್ನು ಕೆಂಪಕ್ಷರದಲ್ಲಿ ಬರೆಸಿದ್ದಾರೆ. ಹತ್ತಿ ದಣಿದ ಯಾತ್ರಿಕರು ಅಲ್ಲಿ ಕಾಲು ಚಾಚುತ್ತಾರೆ. ಕೇರಿಯ ಹೆಂಗಸರು ಬಂದಾಗ ನೋಡಬೇಕು. ತುಂಬಿದ ಕೊಡ ಸೊಂಟದಲ್ಲಿ, ಎಳೆಗೂಸು ಇನ್ನೊಂದು ಮಗ್ಗುಲಲ್ಲಿ, ಏದುಸಿರು ಬಿಡುತ್ತ ಆ ಬೆಂಚುಗಳ ಪಕ್ಕದಲ್ಲೇ ನಿಂತು ದಣಿವಾರಿಸಿಕೊಳ್ಳುತ್ತಾರೆ. ಕೂತುಕೊಳ್ಳಿ ಎಂದು ಯಾರಾದರೂ ಕರುಣೆಯಿಂದ ಹೇಳಿದರೆ, ಅವರು ತಿರುಗಿ ನೋಡುವ ನೋಟದಲ್ಲಿ ಆ ಸಿಟ್ಟು ಇನ್ನೂ ಆರಿಲ್ಲ.